ನಿಂತ ಆಡು

ಬಿಜ್ಜರಗಿಯ ರಾಚವ್ವನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿದ್ದು ಸಂಕ್ರಾಂತಿಯ ಮರುದಿನ. ಬೆರಳುಗಳೇನೋ ಉಳಿದವು. ಆದರೆ ಹೊಲಿಗೆ ಬಿಚ್ಚಿದ ಮೇಲೂ ತೋರುಬೆರಳು ಒಣ ತೊಗರಿಕಡ್ಡಿಯಂತೆ ಸೆಟೆದೇ ಇತ್ತು. ರೊಟ್ಟಿ ಬಡಿಯಲಾಗದು, ಹಾಲು ಹಿಂಡಲಾಗದು. ಮೂವತ್ತು ಆಡುಗಳನ್ನು ಗಂಡ ಅಮೋಘಿಗೆ ಒಪ್ಪಿಸಿ, ಚಿಕಿತ್ಸೆಗೆಂದು ವಿಜಯಪುರದ ಜಲನಗರಕ್ಕೆ, ತಂಗಿ ಮಹಾನಂದಾಳ ಮನೆಗೆ ಬಂದಳು.

ಡಾಕ್ಟರು ಹಿಚುಕಲು ರಬ್ಬರಿನ ಚೆಂಡೊಂದನ್ನು ಕೊಟ್ಟಿದ್ದರು. ಎರಡೇ ದಿನಕ್ಕೆ ರಾಚವ್ವನಿಗೆ ಬೇಸರ ಬಂತು.

"ಇದನ್ನ ಹಿಚುಕಿದ್ರ ಏನ್ ಬರತೈತಿ? ಹಾಲೂ ಬರಂಗಿಲ್ಲ, ನೀರೂ ಬರಂಗಿಲ್ಲ" ಎಂದು ಅದನ್ನು ಮೂಲೆಗೆ ಹಾಕಿದಳು.

ಮಹಡಿಯ ಮೇಲೆ ಬಾಡಿಗೆಗಿದ್ದ ಕಾವ್ಯಾ ಬ್ಯಾಂಕಿನ ಕೆಲಸದವಳು. ಸಂಜೆ ಮೆಟ್ಟಿಲ ಮೇಲೆ ಕೂತು, ಕೊಕ್ಕೆಸೂಜಿಯಿಂದ ಉಲನ್ ದಾರ ಹೆಣೆದು, ಒಳಗೆ ಹತ್ತಿ ತುಂಬಿ, ಅಂಗೈಯಗಲದ ಮೊಲ, ಕರಡಿ ಮಾಡುತ್ತಿದ್ದಳು. ರಾಚವ್ವ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ಪಕ್ಕದಲ್ಲೇ ಕೂತಳು.

"ಯವ್ವಾ, ನನಗೂ ಕಲಸ್ತೀಯೇನ?"

ಪೆನ್ನಿನಂತೆ ಹಿಡಿದರೆ ಸೂಜಿ ನಿಲ್ಲಲೇ ಇಲ್ಲ; ನಾಲ್ಕು ಸಲ ಮೆಟ್ಟಿಲಿಳಿದು ಹೋಯಿತು. ಐದನೆಯ ಸಲ ರಾಚವ್ವ ಅದನ್ನು ಕುಡಗೋಲಿನಂತೆ ಮುಷ್ಟಿಯಲ್ಲಿ ಹಿಡಿದಳು. "ಹಂಗ ಅಲ್ರಿ..." ಎನ್ನಹೊರಟ ಕಾವ್ಯಾ ಆ ಬೆರಳನ್ನು ನೋಡಿ ತಡೆದಳು. "ಹಂಗಽ ಹಿಡೀರಿ. ದಾರ ಎಳದ್ರ ಸಾಕು."

ಆರು ಕುಣಿಕೆಗಳ ಒಂದು ಉಂಗುರ ಬೀಳಲು ಮೂರು ದಿನ ಬೇಕಾಯಿತು. ಆಮೇಲೆ ಸುತ್ತಿ ಸುತ್ತಿ ಹೆಣೆಯುವಾಗ ಕುಣಿಕೆ ಹೆಚ್ಚಿಸಬೇಕಾದಲ್ಲಿ ಮರೆತಳು. ದುಂಡಗಾಗಬೇಕಿದ್ದದ್ದು ಉದ್ದಕ್ಕೆ ಬೆಳೆಯಿತು.

"ಏನಿದು, ಬದನಿಕಾಯಿ?" ಎಂದ ಮಹಾನಂದಾಳ ಗಂಡ ಚಂದ್ರಕಾಂತ.

"ಆಡಿನ ತಲಿ!"

ಮನೆಯವರೆಲ್ಲ ನಕ್ಕರು. ರಾಚವ್ವನೂ ನಕ್ಕು, ಸರ್ರನೆ ಎಳೆದು ಪೂರ್ತಿ ಬಿಚ್ಚಿದಳು. ಮರುದಿನ ಪ್ರತಿ ಸುತ್ತಿನ ಮೊದಲ ಕುಣಿಕೆಗೆ ಒಂದು ಕೆಂಪು ದಾರ ಸಿಕ್ಕಿಸಿಕೊಂಡು ಎಣಿಸತೊಡಗಿದಳು. ಮುಸ್ಸಂಜೆ ದೊಡ್ಡಿಗೆ ನುಗ್ಗುವ ಆಡುಗಳನ್ನು ಎಣಿಸಿದವಳಿಗೆ ಹದಿನೆಂಟು ಕುಣಿಕೆ ಯಾವ ಲೆಕ್ಕ? ತಲೆ ದುಂಡಗಾಯಿತು. ಹೊಟ್ಟೆ ಬಂತು. ಜೋಲುಕಿವಿಗಳೂ ಬಂದವು.

ಕಾಲು ಮಾತ್ರ ಮಾತು ಕೇಳಲಿಲ್ಲ. ಹೊಲಿದು ನಿಲ್ಲಿಸಿದರೆ ಆಡು ಮೂತಿ ಮುಂದಾಗಿ ಬೀಳುತ್ತಿತ್ತು.

"ಕುಂತ ಆಡು ಮಾಡೂಣ್ರಿ, ಸಸಾರ" ಎಂದಳು ಕಾವ್ಯಾ.

"ಮ್ಯಾಯೂ ಹೊತ್ತಿನ್ಯಾಗ ಕುಂತದ್ದು ಜಡ್ಡಿನ ಆಡು. ನಂದು ನಿಲ್ಲಬೇಕು."

ನಾಲ್ಕು ಸಲ ಕಾಲು ಕಿತ್ತು ನಾಲ್ಕು ಸಲ ಹೊಲಿದಳು. ಕೊನೆಗೆ ಅವಳ ಕಣ್ಣ ಮುಂದೆ ಬಂದದ್ದು ಆಗಷ್ಟೇ ಹುಟ್ಟಿದ ಮರಿ. ಮೊದಲ ಸಲ ಏಳುವಾಗ ಅದು ಕಾಲನ್ನು ನೆಟ್ಟಗೆ ಊರುವುದಿಲ್ಲ, ಅಗಲಿಸಿ ಊರುತ್ತದೆ! ರಾಚವ್ವ ಗೊರಸಿನವರೆಗೂ ಹತ್ತಿ ಜಡಿದು ತುಂಬಿ, ನಾಲ್ಕೂ ಕಾಲುಗಳನ್ನು ಹೊರಕ್ಕೆ ಓರೆಯಾಗಿ ಹೊಲಿದು, ಟೇಬಲ್ಲಿನ ಮೇಲಿಟ್ಟು ಕೈ ತೆಗೆದಳು. ಆಡು ಒಮ್ಮೆ ತೂಗಾಡಿತು. ನಿಂತಿತು.

"ನಿಂತೈತಿ! ಬರ್ರೆಪೋ ಎಲ್ಲಾರೂ, ನಿಂತೈತಿ!"

ಅವಳ ಕೂಗಿಗೆ ಓಣಿಯವರೂ ಬಂದರು. ಚಂದ್ರಕಾಂತ ಬಗ್ಗಿ ಉಫ್ ಎಂದು ಊದಿದ. ಆಡು ಅಲುಗಲಿಲ್ಲ. "ಸೋತೆ ನಾ" ಎಂದು ಅವನು ಕೈ ಮುಗಿದ.

ಮುಂದಿನ ತಪಾಸಣೆಗೆ ರಾಚವ್ವ ಆಡನ್ನೂ ಸೂಜಿ ದಾರವನ್ನೂ ಸೆರಗಿನಲ್ಲಿಟ್ಟುಕೊಂಡೇ ಹೋದಳು. ಡಾಕ್ಟರು ಮುಷ್ಟಿ ಕಟ್ಟಲು ಹೇಳಿದರು. ಕಟ್ಟಿದಳು. ತೋರುಬೆರಳು ತಾನೇ ಬಾಗಿ ಅಂಗೈ ಮುಟ್ಟಿತು. ಅವಳಿಗೇ ನಂಬಿಕೆಯಾಗದೆ ಬಿಚ್ಚಿ ಮತ್ತೊಮ್ಮೆ ಕಟ್ಟಿದಳು. ಡಾಕ್ಟರು ಅವಳು ತೆಗೆದು ತೋರಿಸಿದ ಆಡನ್ನೂ ಬೆರಳನ್ನೂ ನೋಡಿ, "ಹೊರಗ ಒಬ್ಬರು ಕುಂತಾರ. ಅವರಿಗೂ ಕಲಸ್ರಿ" ಎಂದರು.

ಹೊರಗೆ ಬೆಂಚಿನ ಮೇಲೆ ಮೆಕ್ಯಾನಿಕ್ ಮಲಂಗಸಾಬ ಜಜ್ಜಿಹೋದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳು ಸೂಜಿ ಚಾಚಿದಾಗ ಹಿಂದೆ ಸರಿದ. "ಇದು ಹೆಂಗಸರ ಕೆಲಸ ಅಲ್ಲೇನ್ರೀ?"

"ನಮ್ಮ ಮಾವ ಕುರಿ ಕಾಯ್ಕೋತ ಉಣ್ಣಿ ನೂಲ್ತಿದ್ದ. ಅಂವ ಮೀಸಿ ಇದ್ದ ಗಂಡಸು" ಎಂದು ರಾಚವ್ವ ಪಕ್ಕದಲ್ಲಿ ಕೂತು, ಅವನ ಮುಷ್ಟಿಯೊಳಗೆ ಸೂಜಿ ಸೇರಿಸಿದಳು. "ಕುಡಗೋಲು ಹಿಡದಂಗ ಹಿಡೀ ತಮ್ಮಾ. ಹಾಂ, ಈಗ ದಾರ ಎಳಿ."