ಕಣ್ಣು ಮುಚ್ಚಿ ಓದಿದವನು

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಎಲ್ಲರೂ ಆ ಅಮಾವಾಸ್ಯೆಗೆ ಕಾಯುತ್ತಿದ್ದರು. ತಮ್ಮನಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅಥವಾ ಹೇಳಿದ್ದರೇನೋ. ಆ ದಿನಗಳಲ್ಲಿ ಅವನು ಊಟ ಬಿಟ್ಟಿದ್ದ ಎಂದು ನೆನಪು; ಬಿಟ್ಟವನು ನಾನೂ ಇರಬಹುದು.

ಮಾತಿನಲ್ಲಿ ತಮ್ಮ ಚುರುಕು. ಓದು ಮಾತ್ರ ಹತ್ತುತ್ತಿರಲಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ನಿಲ್ಲುವುದೇ ಇಲ್ಲ ಎಂದು ಅಳುತ್ತಿದ್ದ. ನಿನ್ನೆ ಓದಿದ ಪದ ಇವತ್ತು ಅವನಿಗೆ ಹೊಸದು. ಹಗಲು ನಿಜಾಮ ಸರ್ಕಾರದ ಶಾಲೆಯಲ್ಲಿ ಉರ್ದು, ಬಲದಿಂದ ಎಡಕ್ಕೆ. ಸಂಜೆ ಮಠದಲ್ಲಿ ಕನ್ನಡ, ಎಡದಿಂದ ಬಲಕ್ಕೆ. ಜೀವಮಾನವೆಲ್ಲ ಸೀರೆ ನೇಯ್ದ ಮುತ್ಯಾನಿಗೆ, ಅಂದರೆ ನಮ್ಮ ಅಜ್ಜನಿಗೆ, ಇಷ್ಟು ಸಾಕಾಯಿತು.

“ಎರಡೂ ಕಡಿಂದ ಎಳದ್ರ ನೂಲು ಸಿಕ್ಕಾಗದ ಇರತೈತೇನು? ತಲ್ಯಾಗ ಸಿಕ್ಕು ಬಿದ್ದೈತಿ. ಕುತ್ತಿಗಿಗೆ ಒಂದು ಬರಿ ಹಾಕಿಸಿದ್ರ ಬಿಡತೈತಿ.”

ಕಬ್ಬಿಣ ಕಾಯಿಸಿ ಬರೆ ಹಾಕುವವನು ದಾಮರಗಿದ್ದದಿಂದ ಅಮಾವಾಸ್ಯೆಗೆ ಬರುವುದೆಂದಾಯಿತು. ಅಷ್ಟರೊಳಗೆ ಹುಡುಗ ಒಂದು ಸಾಲು ಓದಿದರೆ ಬರೆ ಬೇಡ ಎಂದು ಅವ್ವ ಮುತ್ಯಾನನ್ನು ಒಪ್ಪಿಸಿದಳು.

ಅವಳಿಗೇ ಅಕ್ಷರ ಬಾರದು. ಮಗ್ಗದ ಹಾಸಿನ ನೂಲಿಗೆ ಬಳಿದು ಉಳಿದ ಗಂಜಿಯನ್ನು ನನ್ನ ಮುಂದಿಟ್ಟು, ಅದರಿಂದಲೇ ಹಲಗೆಯ ಮೇಲೆ ಅಕ್ಷರ ಬರೆದುಕೊಡು ಎಂದಳು. ಒಣಗಿದ ಗಂಜಿ ಉಬ್ಬಿ ಒರಟಾಯಿತು. ಮಗ್ಗದಲ್ಲಿ ಹರಿದ ಎಳೆಯನ್ನು ಅವಳು ಹುಡುಕುತ್ತಿದ್ದದ್ದೂ ಬೆರಳಿನಿಂದಲೇ.

“ಕಣ್ಣಿಗೆ ನಿಲ್ಲವಲ್ವು ಅಂದ್ರ ಬೆರಳಿಲೆ ಹಿಡಿಯೋ ನನ್ನಪ್ಪಾ.”

ತಮ್ಮ ತಡವಿದ. ತಪ್ಪಿದ. ಮತ್ತೆ ತಡವಿದ. ಒಂದು ಅಕ್ಷರ ಗುರುತು ಸಿಕ್ಕಾಗ ನಕ್ಕ. ಆ ನಗುವನ್ನು ನಾನು ಕಲ್ಪಿಸಿಕೊಂಡಿಲ್ಲ; ಉಳಿದದ್ದರ ಬಗ್ಗೆ ಆಣೆ ಮಾಡಲಾರೆ.

ಅಮಾವಾಸ್ಯೆಯ ಬೆಳಿಗ್ಗೆ, ಹೆಂಗಸರು ಎದುರಿಗಿರಬಾರದೆಂದು ಅವ್ವನನ್ನು ಬಾವಿಗೆ ಕಳಿಸಿದರು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುತ್ಯಾನ ಮುಂದೆ ತಮ್ಮ ಕುಳಿತ. ತೆರೆದರೆ ಅಕ್ಷರಗಳು ಅಲುಗಾಡುತ್ತವೆಂದು ಕಣ್ಣು ಮುಚ್ಚಿದ. ಬೆರಳಾಡಿಸುತ್ತ ಒಂದು ಸಾಲು ಪೂರ್ತಿ ಓದಿದ. ಒಂದೂ ತಪ್ಪಿಲ್ಲ.

ಯಾರೂ ಶಹಬ್ಬಾಸ್ ಅನ್ನಲಿಲ್ಲ. ಮುತ್ಯಾ ಕುಳಿತಲ್ಲೇ ಹಿಂದಕ್ಕೆ ಸರಿದ.

“ಕಣ್ಣು ಮುಚ್ಚಿ ಓದತಾನ! ಇವ ಅಲ್ಲ ಓದಾಕತ್ತಿದ್ದು. ಒಳಗ ಮತ್ಯಾರೋ ಕುಂತಾರ.”

ಒಲೆಯ ಬಳಿಯಿದ್ದ ಬರೆ ಹಾಕುವವನು ನಕ್ಕ. “ಹಂಗಾರ ಒಂದು ಬರಿ ಸಾಲಂಗಿಲ್ರೀ ಯಜಮಾನ್ರ.”

ಅಷ್ಟರಲ್ಲಿ ಅವ್ವ ಓಡಿಬಂದು ತಮ್ಮನಿಗೆ ಅಡ್ಡ ನಿಂತಳು. “ನನಗೂ ಅಕ್ಷರ ಬರಂಗಿಲ್ರೀ ಮಾವ. ಮೊದಲ ನನಗ ಹಾಕಸ್ರಿ.” ಕಬ್ಬಿಣ ಒಲೆಗೆ ಮರಳಿತು. ನನ್ನ ನೆನಪು ಇಲ್ಲಿಗೆ ಮುಗಿಯುತ್ತದೆ, ತೀರ ಅಚ್ಚುಕಟ್ಟಾಗಿ.

ತಮ್ಮನ ಕುತ್ತಿಗೆಯ ಹಿಂದೆ ಎರಡು ಸುಟ್ಟ ಕಲೆಗಳಿವೆ. ಮೊನ್ನೆ ಧೈರ್ಯ ಮಾಡಿ ಕೇಳಿದೆ: ಅವತ್ತು ಅವ್ವ ಬಂದಿದ್ದಳಲ್ಲ?

“ಬಂದ್ಲು,” ಅಂದ. “ಆಮ್ಯಾಲ ಬಂದ್ಲು.”