ಅರ್ಧಕ್ಕೆ ನಿಂತ ರೀಲು

ಮೊನ್ನೆ ಮೊಮ್ಮಗಳು ಉಗುರಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ವಿಜಾಪುರದ ನಮ್ಮ ಓಣಿಯ ಫೋಟೋ ಕಾಕಾ ನೆನಪಾದರು. ತುಂಡಾದ ಫಿಲ್ಮು ಜೋಡಿಸಲು ಅವರು ಹಚ್ಚುತ್ತಿದ್ದ ಅಂಟಿಗೂ ಇದೇ ವಾಸನೆ ಇತ್ತು.

ಅರವತ್ತರ ದಶಕದ ಮಾತು. ಮದುವೆಗಳ ಫೋಟೋ ತೆಗೆದು ಕಾಕಾ ಬದುಕುತ್ತಿದ್ದರು. ಹರೆಯದಲ್ಲಿ ಮುಂಬಯಿಯಲ್ಲಿದ್ದಾಗ, ಯಾವ್ಯಾವುದೋ ದೇಶದ, ಯಾರೂ ಹೆಸರು ಕೇಳಿರದ ಸಿನಿಮಾಗಳನ್ನು ನೋಡಿದ್ದರಂತೆ. ಹಾಡಿಲ್ಲ, ಹೊಡೆದಾಟವಿಲ್ಲ, ಮಂಜಿನಲ್ಲಿ ಒಬ್ಬ ಮುದುಕಿ ನಡೆಯುತ್ತಾಳೆ, ಅಷ್ಟೇ.

"ಹೊರಗ ಬಂದ್ರೂ ಆ ಮಂಜು ಮೈಮ್ಯಾಲೆ ಇರತಿತ್ತು ನೋಡ್ರಿ," ಎಂದು ಅಪ್ಪನ ಮುಂದೆ ಹೇಳುತ್ತಿದ್ದರು. ಅಲ್ಲಿಂದ ತಂದಿದ್ದ ಹಳೆಯ ಸಿನಿಮಾ ಕ್ಯಾಮೆರಾ ಅವರ ಕಪಾಟಿನಲ್ಲಿತ್ತು.

ಅವರ ಹೆಂಡತಿಗೆ, ನಮ್ಮ ಕಾಕೂಗೆ, ಕ್ಷಯ ಹತ್ತಿತು. ತವರಿನಲ್ಲಿ ಆರಾಮ ಸಿಗಲೆಂದು ಬಿಜ್ಜರಗಿಗೆ ಕಳಿಸಿದರು. ಪ್ರತಿ ರವಿವಾರ ಅವಳನ್ನು ನೋಡಲು ಕಾಕಾ ತಿಕೋಟಾ ಬಸ್ಸು ಹತ್ತುವಾಗ ಆ ಕ್ಯಾಮೆರಾ ಹೆಗಲಿನಲ್ಲಿರುತ್ತಿತ್ತು. ಚಳಿಗಾಲ ಕಳೆಯುವ ಮೊದಲೇ ಕಾಕೂ ತೀರಿಕೊಂಡಳು.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಾಕಾ ಓಣಿಯ ಏಳೆಂಟು ಮಂದಿಯನ್ನು ಸ್ಟುಡಿಯೋಕ್ಕೆ ಕರೆದರು. ಕಿಟಕಿಗೆ ಕರಿ ಬಟ್ಟೆ, ಗೋಡೆಗೆ ಬಿಳಿ ಧೋತರ. ಪ್ರೊಜೆಕ್ಟರಿನಲ್ಲಿ ರೀಲು ತಿರುಗತೊಡಗಿತು. ಮಾತಿಲ್ಲ, ಸಂಗೀತವಿಲ್ಲ. ಬಿಜ್ಜರಗಿಯ ಮಣ್ಣಿನ ಗೋಡೆಯ ಮೇಲೆ ಬೇವಿನ ನೆರಳು ಅಲುಗುತ್ತಿತ್ತು. ಕುರಿಗಳು ದಾಟಿಹೋದ ಮೇಲೆ ಧೂಳು ನಿಧಾನವಾಗಿ ನೆಲಕ್ಕಿಳಿಯುತ್ತಿತ್ತು. ಕಾಕೂ ಜೋಳ ಹಸನು ಮಾಡುತ್ತ ಕೂತಿದ್ದಳು...

"ಕಥಿ ಎಲ್ಲೈತ್ರೀ ಇದರಾಗ?" ಅಪ್ಪ ಮೆಲ್ಲಗೆ ಕೇಳಿದರು.

"ಕಥಿ ಇಲ್ರಿ. ಆಕಿ ಅದಾಳ," ಎಂದರು ಕಾಕಾ.

ಆಮೇಲೆ ಕಾಕೂ ತಲೆ ಎತ್ತಿ ನಮ್ಮನ್ನು ನೋಡಿದಳು. ನೋಡುತ್ತಲೇ ಇದ್ದಳು... ನನಗಾಗ ಹದಿನಾರು. ಸತ್ತವಳು ಅಷ್ಟು ಹೊತ್ತು ನನ್ನನ್ನೇ ನೋಡುವುದನ್ನು ತಾಳಲಾರದೆ ನಕ್ಕುಬಿಟ್ಟೆ. ನನ್ನ ಹಿಂದೆ ಇನ್ನಿಬ್ಬರು ನಕ್ಕರು.

ಕಾಕಾ ಮಷೀನು ನಿಲ್ಲಿಸಿದರು. ಅಪ್ಪ ನನ್ನನ್ನು ಗದರಲು ಹೋದಾಗ ಅವರೇ ತಡೆದರು.

"ಬೈಬ್ಯಾಡ್ರಿ ಹುಡುಗಿಗಿ. ಮುಂದ ಆಕೀನೂ ನಗ್ತಾಳ."

ಹಾಗೆಂದವರು ಗುಂಡಿಯ ಮೇಲೆ ಬೆರಳಿಟ್ಟು ನಿಂತರು. ಒತ್ತಲಿಲ್ಲ. ಮುಂದಿನದು ತೋರಿಸಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮರುವರ್ಷ ಅವರು ಸ್ಟುಡಿಯೋ ಮುಚ್ಚಿ ಸೊಲ್ಲಾಪುರಕ್ಕೆ ಹೋದರು. ಅಲ್ಲೇ ತೀರಿಕೊಂಡರೆಂದು ಎಷ್ಟೋ ವರ್ಷಗಳ ಮೇಲೆ ಯಾರೋ ಹೇಳಿದರು. ರೀಲು ಏನಾಯಿತೋ...

ಆಮೇಲೆ ನೂರಾರು ಸಿನಿಮಾ ನೋಡಿದ್ದೇನೆ. ಬಹಳಷ್ಟರ ಕಥೆಯೇ ನೆನಪಿಲ್ಲ. ಕಥೆಯಿಲ್ಲದ ಆ ಒಂದು ಮಾತ್ರ ಮನಸ್ಸಿನಿಂದ ಅಳಿದಿಲ್ಲ. ಅಂದು ಆ ಕೋಣೆಯಲ್ಲಿ ಕೂತಿದ್ದವರಲ್ಲಿ ಈಗ ಉಳಿದಿರುವವಳು ಬಹುಶಃ ನಾನೊಬ್ಬಳೇ. ಕಾಕೂ ಹೇಗೆ ನಕ್ಕಳೋ, ನಾನು ನೋಡಲಿಲ್ಲ.