ಖಾಲಿ ಶೆಡ್ಡಿನ ಕೊನೆಯ ಬಿಲ್ಲು

ಸ್ಮಶಾನದ ಶೆಡ್ಡು ಕಟ್ಟುವ ಗುತ್ತಿಗೆಯನ್ನು ನಾನು ಹಿಡಿಯಲೇಬಾರದಿತ್ತು. ಸೊರಬದ ಕಡೆ, ಹೊಸಬಾಳೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಕಾಂಕ್ರೀಟ್ ಕಂಬ, ಮೇಲೆ ತಗಡು, ನಡುವೆ ಹೆಣ ಇಡುವ ಕಬ್ಬಿಣದ ಚೌಕಟ್ಟು, ಅಷ್ಟೇ. ಶಿರಾಳಕೊಪ್ಪದಿಂದ ದಿನಾ ಬೈಕಿನಲ್ಲಿ ಹೋಗಿಬಂದು ಒಂದೂವರೆ ತಿಂಗಳಲ್ಲಿ ಮುಗಿಸಿದೆ. ಮೇಸ್ತ್ರಿ ಅದೇ ಊರಿನವನು, ಬಹಳ ವರ್ಷಗಳಿಂದ ನನ್ನ ಜೊತೆಗಿದ್ದವನು. ಒಂದು ಗೆರೆ ಸೊಟ್ಟಗಾದರೂ ಒಡೆದು ಮತ್ತೆ ಕಟ್ಟುವ ಆಸಾಮಿ.

ಕೊನೆಯ ಬಿಲ್ಲು ಮಾತ್ರ ಬರಲಿಲ್ಲ. ಮೇಸ್ತ್ರಿಯ ಅರ್ಧ ಕೂಲಿಯೂ ಅದರಲ್ಲೇ ಸಿಕ್ಕಿಕೊಂಡಿತ್ತು. ಗುತ್ತಿಗೆ ಕೊಟ್ಟ ಪಂಚಾಯಿತಿ ಕಚೇರಿಯ ಎಂಜಿನಿಯರು ಕಡತ ಮಡಚಿಟ್ಟು, "ಬಳಕೆ ಆಗಿದ್ದಕ್ಕೆ ಒಂದು ಫೋಟೋ ಹಾಕ್ರಿ, ಪಾಸ್ ಮಾಡ್ತೀನಿ" ಎಂದರು.

"ಇದೇನು ಬಸ್ ಸ್ಟ್ಯಾಂಡಾ ಸಾರ್? ಯಾರಾದ್ರೂ ಸಾಯ್ಬೇಕಲ್ಲ!"

"ಅದು ನಂಗೊತ್ತಿಲ್ಲ. ಖಾಲಿ ಶೆಡ್ಡಿಗೆ ದುಡ್ಡು ಕೊಟ್ರೆ ಆಡಿಟ್‌ನೋರು ನನ್ನ ಹಿಡೀತಾರೆ."

ಸಾಯುವವರೇನೋ ಸಾಯುತ್ತಲೇ ಇದ್ದರು. ಆದರೆ ಹೆಣವನ್ನು ಶೆಡ್ಡಿನಿಂದ ಹತ್ತು ಮಾರು ಆಚೆ, ಹಳೆಯ ಜಾಗದಲ್ಲೇ ಸುಡುತ್ತಿದ್ದರು. ಹೊಸ ಜಾಗದಲ್ಲಿ ಮೊದಲು ಮಲಗಿದವರು ಒಂಟಿಯಾಗಿರಲಾರದೆ ತಮ್ಮ ಮನೆಯಿಂದಲೇ ಇನ್ನೊಬ್ಬರನ್ನು ಕರೆಸಿಕೊಳ್ಳುತ್ತಾರೆ ಎಂಬುದು ಅಲ್ಲಿಯವರ ನಂಬಿಕೆ. ಒಮ್ಮೆ ನಡುಮಧ್ಯಾಹ್ನ ನೋಡಲು ಹೋದೆ. ಹಳೆಯ ಜಾಗದ ಬೂದಿ ಇನ್ನೂ ಬೆಚ್ಚಗಿತ್ತು. ನನ್ನ ತಗಡಿಗೆ ಒಂದು ಚೂರು ಹೊಗೆಯೂ ತಾಕಿರಲಿಲ್ಲ. ಗಾಳಿಯೇ ಇಲ್ಲ, ಆದರೂ ಮೇಲೆ ಯಾರೋ ಬೆರಳಿನಿಂದ ಬಡಿದಂತೆ ಟಿಕ್ ಟಿಕ್ ಸದ್ದು. ಬಿಸಿಲಿಗೆ ತಗಡು ಹಿಗ್ಗುವ ಸದ್ದೆಂದು ನನಗೆ ಗೊತ್ತು. ಗೊತ್ತಿದ್ದೂ ಅಲ್ಲಿ ನಿಲ್ಲಲಾಗಲಿಲ್ಲ.

ಶಿಕಾರಿಪುರದ ವಕೀಲರು ಕರಾರು ಪತ್ರ ಓದಿ ನಕ್ಕರು. "ಅಲ್ರೀ, ಬಳಕೆಗೆ ಯೋಗ್ಯವಾಗಿ ಒಪ್ಪಿಸ್ಬೇಕು ಅಂತೈತಿ. ಬಳಸಿ ತೋರಿಸ್ಬೇಕು ಅಂತ ಎಲ್ಲೈತ್ರೀ? ನೋಟಿಸ್ ಕೊಡೋಣ, ಗೆಲ್ತೀರಿ."

"ಎಷ್ಟು ದಿನ ಆಗ್ತದೆ ಸಾರ್?"

"ದಿನದ ಮಾತು ಬಿಡ್ರಿ. ಎಷ್ಟು ವರ್ಷ ಅಂತ ಕೇಳ್ರಿ."

ಕಚೇರಿಗೇ ನೋಟಿಸ್ ಕೊಟ್ಟರೆ ಮುಂದೆ ಕೆಲಸ ಯಾರು ಕೊಡುತ್ತಾರೆ? ಬಾಯಿ ಮುಚ್ಚಿಕೊಂಡು ಕಾಯುವುದೇ ಮೇಲೆಂದುಕೊಂಡೆ. ನಾನು ಕೆಟ್ಟದ್ದು ಅಲ್ಲೇ.

ನಾನು ಏನನ್ನು ಕಾಯುತ್ತಿದ್ದೇನೆಂದು ಆ ಊರಿನವರಿಗೆ ನನಗಿಂತ ಮೊದಲೇ ತಿಳಿಯಿತು. ನನ್ನ ಬೈಕಿನ ಸದ್ದು ಕೇಳಿದರೆ ಕಟ್ಟೆಯ ಮೇಲಿದ್ದ ಮುದುಕರು ಒಬ್ಬೊಬ್ಬರೇ ಎದ್ದು ಒಳಗೆ ಹೋಗುತ್ತಿದ್ದರು. ಕೆಮ್ಮು ಕೇಳಿಸಿದರೆ ಯಾವ ಮನೆಯದೆಂದು ತಿರುಗಿ ನೋಡುತ್ತಿದ್ದೆ. ಒಂದು ದಿನ ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದಿಗೆ ಮನಸ್ಸು ಹಿಗ್ಗಿಬಿಟ್ಟಿತು. ಅಯ್ಯೋ, ನನ್ನದೂ ಒಂದು ಜನ್ಮವೇ ಅನ್ನಿಸಿ ಅವತ್ತು ಊಟ ಸೇರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿಯೇ ಹಾಸಿಗೆ ಹಿಡಿದ. ಎಳನೀರು ತೆಗೆದುಕೊಂಡು ಹೋದೆ. ಅವನು ಅದನ್ನು ಬದಿಗೆ ಸರಿಸಿ ನನ್ನ ಕಡೆ ತಿರುಗಿದ.

"ನೋಡಕ್ ಬಂದ್ರಾ, ಅಳತೆ ತಗಳಕ್ ಬಂದ್ರಾ?"

"ಏಯ್, ಬಿಡ್ತು ಅನ್ನು!" ಎಂದು ಗದರಿದೆ.

ಅವನು ನಕ್ಕ. ಅವನ ಹೊಸಿಲು ದಾಟುವಾಗ ಒಂದು ಗಳಿಗೆ ನಿಜಕ್ಕೂ ಅದೇ ಯೋಚನೆ ಬಂದುಹೋಗಿತ್ತು.

ಹದಿನೈದು ದಿನಕ್ಕೆ ಅವನು ಹೋದ. ಹೆಣ ಹೊತ್ತವರು ಹಳೆಯ ಜಾಗ ದಾಟಿ ನೇರ ಶೆಡ್ಡಿನ ಕಡೆ ನಡೆದಾಗ ಜನ ಅಲ್ಲಲ್ಲೇ ನಿಂತುಬಿಟ್ಟರು. ಮೇಸ್ತ್ರಿಯ ತಮ್ಮ ನನ್ನ ಬಳಿ ಬಂದ.

"ಅಲ್ಲೇ ಇಡ್ಬೇಕು ಅಂತ ಅಣ್ಣ ಆಣೆ ಹಾಕಿಸ್ಕಂಡಿದಾನೆ. ಅತ್ಗೆಗೆ ಕೂಲಿ ಬರ್ಲಿ ಅಂದ. ಫೋಟೋ ತಗಳ್ರಿ."

"ನಿಂಗೆ ಹೆದ್ರಿಕೆ ಇಲ್ವೇನೋ?"

"ಇಲ್ದೆ ಏನ್ರೀ? ಮನೇಲಿ ಉಳ್ದಿರೋದು ನಾನು, ಅತ್ಗೆ ಇಬ್ರೇ."

ಬೆಂಕಿ ಹತ್ತಿತು. ಫೋಟೋಕ್ಕೆ ಅಡ್ಡ ಬರಬಾರದೆಂದು ಅವನು ಪಕ್ಕಕ್ಕೆ ಸರಿದು ನಿಂತ. ಇಡೀ ಶೆಡ್ಡು ಕಾಣಲೆಂದು ನಾನು ಎರಡು ಹೆಜ್ಜೆ ಹಿಂದೆ ಹೋಗಿ ಮೊಬೈಲ್ ಎತ್ತಿದೆ. ಫೋಟೋ ಒಂದೇ ಸಲಕ್ಕೆ, ಚೂರೂ ಅಲುಗದೆ ಬಂತು. ಥೂ, ಕೈಯಾದರೂ ನಡುಗಬೇಕಿತ್ತು.